ಬಾಲದೃಷ್ಟಿಯೂ ದೇಶವಿಭಜನೆಯೂ: ‘ದಿ ನೈಟ್ ಡೈರಿ’ ಕಾದಂಬರಿಯ ಇತಿವೃತ್ತವಿಚಾರ

ಚರಿತ್ರೆಯನ್ನು ಆಶ್ರಯಿಸಿದ ಕಥೆಯಲ್ಲಿ ಕವಿಗೆ ಎಷ್ಟರಮಟ್ಟಿನ ಸ್ವಾತಂತ್ರ್ಯವುಂಟೆಂಬ ಪ್ರಶ್ನೆಯು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಕ್ರಿಸ್ತಶಕ 9ನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಇದನ್ನು ನೇರವಾಗಿ ವಿಚಾರಿಸಿದ್ದಾನೆ. ಕೇವಲ ನಡೆದುದನ್ನು ಒಪ್ಪಿಸುವುದರಿಂದ ಕವಿಗೆ ಪ್ರಯೋಜನವಿಲ್ಲ, ಆ ಕೆಲಸವು ಇತಿಹಾಸದಿಂದಲೇ ಸಿದ್ಧವಾಗುತ್ತದೆ. ಇತಿವೃತ್ತದಿಂದ ಬಂದ ಸನ್ನಿವೇಶವು ರಸಕ್ಕೆ ಒಗ್ಗದಿದ್ದರೆ ಅದನ್ನು ಬಿಟ್ಟು ಒಗ್ಗುವುದನ್ನು ಕಲ್ಪಿಸಬಹುದು ಎಂಬುದು ಆತನ ಮತದ ಸಾರ. ಮಹಾಭಾರತದಲ್ಲಿಲ್ಲದ ದುರ್ವಾಸಶಾಪವನ್ನು ಕಾಳಿದಾಸನು ಶಾಕುಂತಲದಲ್ಲಿ ತಂದುದನ್ನು ಇದಕ್ಕೆ ಉದಾಹರಣೆಯಾಗಿ ನಾವು ಪಾಠಶಾಲೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ದುಷ್ಯಂತನ ಕಾಲದ ಸಾಕ್ಷಿಗಳು ಯಾರೂ ಇಂದು ನಮ್ಮೆದುರಿಗೆ ನಿಂತು ಪ್ರಶ್ನಿಸಲಾರರು. ಇತಿವೃತ್ತವು 1947ನೆಯ ಇಸವಿಯದಾಗಿ, ಅದನ್ನು ಅನುಭವಿಸಿದವರೂ ಅವರ ಮಕ್ಕಳೂ ಬದುಕಿರುವಾಗ, ಓದುವವರು ಹನ್ನೆರಡು ಹದಿಮೂರು ವರ್ಷದ ಬಾಲಕ ಬಾಲಕಿಯರಾಗಿರುವಾಗ, ಈ ನಿಯಮವು ಎಷ್ಟು ದೂರ ಸಲ್ಲುತ್ತದೆ? ಇದನ್ನು ವಿಚಾರಿಸುವುದಕ್ಕೆ ವೀರಾ ಹಿರಾನಂದಾನಿ ಎಂಬ ಅಮೆರಿಕದ ಲೇಖಕಿಯು ಇಂಗ್ಲಿಷಿನಲ್ಲಿ ಬರೆದು 2018ರಲ್ಲಿ ಪ್ರಕಟಿಸಿದ ‘ದಿ ನೈಟ್ ಡೈರಿ’ ಎಂಬ ಕಾದಂಬರಿಯನ್ನು ತೆಗೆದುಕೊಂಡಿದ್ದೇನೆ. ಮರುವರ್ಷ ಇದಕ್ಕೆ ಅಮೆರಿಕದ ನ್ಯೂಬೆರಿ ಗೌರವವು ಸಂದಿತು.

ಕಥೆಯು ಸಂಕ್ಷೇಪವಾಗಿ ಹೀಗಿದೆ. ಸಿಂಧದ ಮೀರ್‌ಪುರ್ ಖಾಸ್ ಎಂಬ ಪಟ್ಟಣದಲ್ಲಿ ಹಿಂದೂ ವೈದ್ಯನೊಬ್ಬನಿಗೆ ನಿಶಾ, ಅಮಿಲ್ ಎಂಬ ಅವಳಿ ಮಕ್ಕಳು. ಅವರ ತಾಯಿ ಮುಸಲ್ಮಾನಳು, ಹೆರಿಗೆಯಲ್ಲಿಯೇ ತೀರಿಕೊಂಡವಳು. 1947ನೆಯ ಜುಲೈ 14ರಂದು ಹನ್ನೆರಡು ತುಂಬಿದ ನಿಶೆಗೆ ಮನೆಯ ಅಡಿಗೆಯವನಾದ ಕಾಜಿ ಎಂಬ ಮುಸಲ್ಮಾನನು ಒಂದು ದಿನಚರಿ ಪುಸ್ತಕವನ್ನು ಉಡುಗೊರೆಯಾಗಿ ಕೊಡುತ್ತಾನೆ. ಮಾತು ಕಡಿಮೆಯಾದ ಆ ಹುಡುಗಿ ಪ್ರತಿರಾತ್ರಿಯೂ ಅದರಲ್ಲಿ ತನ್ನ ಸತ್ತ ತಾಯಿಗೆ ಕಾಗದ ಬರೆಯುತ್ತಾಳೆ. ದೇಶವು ಒಡೆಯುತ್ತದೆ, ತಂದೆ, ಅಜ್ಜಿ, ಇಬ್ಬರು ಮಕ್ಕಳು ಕಾಜಿಯನ್ನು ಬಿಟ್ಟು ಹೊರಡುತ್ತಾರೆ, ಮರುಭೂಮಿಯಲ್ಲಿ ನೀರಿಲ್ಲದೆ ಅಮಿಲನು ಸಾಯುವಂತಾಗುತ್ತಾನೆ, ತಾಯಿಯ ಸೋದರನಾದ ರಶೀದನ ಮನೆಯಲ್ಲಿ ಕೆಲಕಾಲ ಅಡಗಿದ್ದು, ಕೊನೆಗೆ ಜೋಧಪುರವನ್ನು ಸೇರುತ್ತಾರೆ.

ಇಲ್ಲಿ ಮೊದಲು ಗಮನಿಸಬೇಕಾದುದು ನಿರೂಪಣೆಯ ಕಣ್ಣು. ಉತ್ತರರಾಮಚರಿತದ ನಾಲ್ಕನೆಯ ಅಂಕದಲ್ಲಿ ಕುದುರೆಯನ್ನೇ ಕಂಡರಿಯದ ಆಶ್ರಮದ ವಟುಗಳು ಅಶ್ವಮೇಧದ ಕುದುರೆಯ ಬಾಲ, ಗೊರಸುಗಳನ್ನು ಲವನಿಗೆ ವರ್ಣಿಸುವ ಸಂದರ್ಭವು ವಾಚಕರಿಗೆ ನೆನಪಿರಬಹುದು. ಬಲ್ಲವರಿಗೆ ಅತಿಪರಿಚಿತವಾದ ವಸ್ತುವನ್ನು ಅರಿಯದ ಮಕ್ಕಳ ಬಾಯಲ್ಲಿ ಹೇಳಿಸಿ ಭವಭೂತಿಯು ಹಾಸ್ಯವನ್ನು ಸಾಧಿಸಿದನು. ಅದೇ ಉಪಾಯದಿಂದ ಈ ಲೇಖಕಿಯು ಕರುಣವನ್ನು ಸಾಧಿಸಿದ್ದಾಳೆ. ಜೂನ್ 3ರ ಯೋಜನೆ, ಲೀಗು, ಕಾಂಗ್ರೆಸ್ಸು ಇವೆಲ್ಲ ನಿಶೆಗೆ ದೊಡ್ಡವರ ಪಿಸುಮಾತುಗಳು ಮಾತ್ರ. ತಾನು ಯಾವ ಕಡೆಯವಳೆಂಬುದೇ ಆಕೆಗೆ ತಿಳಿಯದು. ತಿಳಿಸಬೇಕಾದ ತಾಯಿಯಾದರೋ ಉತ್ತರ ಕೊಡುವಂತಿಲ್ಲ. ಉತ್ತರವು ಬಾರದ ಕಾಗದವೆಂಬ ಈ ಕಲ್ಪನೆಯೇ ಗ್ರಂಥದ ಪ್ರಧಾನವಾದ ವಿಭಾವವೆಂದು ನನ್ನ ಅಭಿಪ್ರಾಯ. ಸೀಳುತುಟಿಯ ಕಾರಣದಿಂದ ಮಾತಾಡಲಾರದೆ ಬರೆದು ತೋರಿಸುವ ರಶೀದನೂ, ಓದುಬರಹ ಹತ್ತದೆ ಚಿತ್ರ ಬರೆಯುವ ಅಮಿಲನೂ ಇದಕ್ಕೆ ಪೋಷಕರಾಗಿದ್ದಾರೆ. ಮೂವರು ಮಾತುಗಟ್ಟಿದವರನ್ನು ಒಂದೇ ಕಥೆಯಲ್ಲಿ ತಂದುದು ತುಸು ಹೆಚ್ಚಾಯಿತೆಂದು ತೋರಿದರೂ ಅದನ್ನು ದೋಷವೆನ್ನಲಾರೆ.

ಇನ್ನು ಇತಿವೃತ್ತದ ಮಾತು. ಇಲ್ಲಿಯೇ ಅಧ್ಯಾಪಕರು ಎಚ್ಚರದಿಂದಿರಬೇಕಾದ ಸ್ಥಳವಿರುವುದು. ವಿಭಜನೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಂಜಾಬು: ಸಿರಿಲ್ ರ‍್ಯಾಡ್‌ಕ್ಲಿಫನು ಗೆರೆಯೆಳೆದು, ಅದು ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ, ಆಗಸ್ಟ್ 17ರಂದು ಪ್ರಕಟವಾಗಿ, ಊರೂರುಗಳು ಹೊತ್ತಿಕೊಂಡ ಪಂಜಾಬು. ಸಿಂಧದ ಕಥೆ ಬೇರೆ. 1936ರಲ್ಲಿ ಮುಂಬಯಿ ಪ್ರಾಂತದಿಂದ ಬೇರೆಯಾದ ಈ ಪ್ರಾಂತವನ್ನು ಯಾರೂ ಸೀಳಲಿಲ್ಲ; ಅದು ಇಡಿಯಾಗಿಯೇ ಪಾಕಿಸ್ತಾನಕ್ಕೆ ಹೋಯಿತು. ನಿಶೆಯ ಕುಟುಂಬವು ದಾಟಿದ ಗಡಿಯು ರ‍್ಯಾಡ್‌ಕ್ಲಿಫನದಲ್ಲ, ಸಿಂಧಕ್ಕೂ ಜೋಧಪುರ ಸಂಸ್ಥಾನಕ್ಕೂ ನಡುವೆ ಮೊದಲಿನಿಂದ ಇದ್ದ ಎಲ್ಲೆ. ಆ ಜೋಧಪುರವೂ ಭಾರತಕ್ಕೆ ಸೇರುವುದೆಂಬುದು ದಿನಚರಿಯ ಮೊದಲ ಪುಟವನ್ನು ಬರೆದ ದಿನ ನಿಶ್ಚಯವಾಗಿರಲಿಲ್ಲ. ಮಹಾರಾಜ ಹನ್ವಂತಸಿಂಹನು ಜಿನ್ನಾರವರೊಡನೆ ಮಾತುಕತೆ ನಡೆಸಿ, ಕಡೆಗೆ ಆಗಸ್ಟ್ 11ರಂದು ಭಾರತದ ಸೇರ್ಪಡೆಪತ್ರಕ್ಕೆ ಸಹಿ ಮಾಡಿದನು. ಹುಡುಗಿಗೆ ಇದು ಗೊತ್ತಿರಬೇಕಾಗಿಲ್ಲ. ಪಾಠ ಹೇಳುವವನಿಗೆ ಗೊತ್ತಿರಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಭೇದವುಂಟು. ಸಿಂಧದಲ್ಲಿ ಪಂಜಾಬಿನಂತಹ ಕೊಲೆಗಳು ಆ ಆಗಸ್ಟಿನಲ್ಲಿ ನಡೆಯಲಿಲ್ಲ. ಅಲ್ಲಿನ ಹಿಂದೂಗಳಲ್ಲಿ ಬಹುಮಂದಿ ಕೆಲವು ತಿಂಗಳು ಕಾದು ನೋಡಿದರು. ನಿರಾಶ್ರಿತರಾಗಿ ಬಂದ ಮುಸಲ್ಮಾನರಿಂದ ಪಟ್ಟಣಗಳು ತುಂಬಿ, 1948ನೆಯ ಜನವರಿ 6ರಂದು ಕರಾಚಿಯಲ್ಲಿ ಗಲಭೆಯಾದ ಮೇಲೆ ಗುಂಪುಗುಂಪಾಗಿ ಹೊರಟರು. ಕೆಲವರು ಹಡಗಿನಲ್ಲಿ ಮುಂಬಯಿಗೆ, ಕೆಲವರು ರೈಲಿನಲ್ಲಿ ಮಾರವಾಡಕ್ಕೆ. ಲೇಖಕಿಯ ತಂದೆಯ ಮನೆಯವರೂ ಮೀರ್‌ಪುರ್ ಖಾಸಿನಿಂದ ಜೋಧಪುರಕ್ಕೆ ಬಂದವರೇ; ಮನೆ ಆಸ್ತಿಗಳನ್ನು ಕಳೆದುಕೊಂಡರೂ ಪ್ರಾಣಭಯವಿಲ್ಲದೆ ಬಂದರೆಂದು ಆಕೆಯೇ ಗ್ರಂಥದಲ್ಲಿ ತಿಳಿಸಿದ್ದಾಳೆ. ಹಾಗಿದ್ದರೂ ಕಥೆಯಲ್ಲಿ ಅವರನ್ನು ಆಗಸ್ಟಿನಲ್ಲಿಯೇ, ಕಾಲ್ನಡಿಗೆಯಲ್ಲಿ, ಮರಳುಗಾಡಿನ ಮೇಲೆ ನಡೆಸಿದ್ದಾಳೆ. ದಾರಿಯಲ್ಲಿ ಕತ್ತಿಯನ್ನೂ ರಕ್ತವನ್ನೂ ಕಾಣಿಸಿದ್ದಾಳೆ. ಎಂದರೆ ಸಿಂಧದ ಕುಟುಂಬವೊಂದರ ಮೇಲೆ ಪಂಜಾಬಿನ ಭಯಾನಕವನ್ನು ಆರೋಪಿಸಿದಂತಾಯಿತು.

ಇದು ಸಲ್ಲುವುದೇ? ಆನಂದವರ್ಧನನನ್ನು ಹಿಡಿದರೆ ಸಲ್ಲುತ್ತದೆ. ಒಂದು ಕೋಟಿಗೂ ಮಿಕ್ಕ ಜನರು ನೆಲೆ ತಪ್ಪಿದ, 2 ಲಕ್ಷದಿಂದ 10 ಲಕ್ಷದವರೆಗೂ ಅದಕ್ಕೆ ಮಿಗಿಲಾಗಿಯೂ ಜನರು ಸತ್ತರೆಂದು ಚರಿತ್ರಕಾರರು ಬೇರೆಬೇರೆಯಾಗಿ ಅಂದಾಜಿಸುವ ಒಂದು ವಿಪತ್ತನ್ನು ಒಂದು ಮನೆಯಲ್ಲಿ ತೋರಿಸಬೇಕಾದರೆ ಬೇರೆಡೆಯ ಸಂಗತಿಯನ್ನು ತಂದುಕೊಳ್ಳದೆ ಗತಿಯಿಲ್ಲ. ಆದರೆ ಅದೇ ಆನಂದವರ್ಧನನು, ರಾಮಾಯಣದಂತೆ ರಸಸಿದ್ಧವಾದ ಕಥೆಗಳಲ್ಲಿ ಕವಿಯು ರಸಕ್ಕೆ ವಿರೋಧವಾಗಿ ತನ್ನ ಇಷ್ಟವನ್ನು ಹೊಗಿಸಬಾರದೆಂದೂ ವಿಧಿಸಿದ್ದಾನೆ. ಸಿಂಧದ ಹಿಂದೂಗಳ ದುಃಖಕ್ಕೆ ತನ್ನದೇ ಆದ ಒಂದು ರಸವಿತ್ತು: ಮನೆಗೆ ಬೀಗ ಹಾಕಿ ಕೀಲಿಯನ್ನು ನೆರೆಯವನ ಕೈಗೆ ಕೊಟ್ಟು, ಹಿಂದಿರುಗುವೆವೆಂದು ನಂಬಿ ಹೊರಟವರ ಕರುಣ ಅದು. ಭಯಾನಕವು ಅದನ್ನು ಕೆಲವು ಅಧ್ಯಾಯಗಳಲ್ಲಿ ಮುಚ್ಚಿಬಿಟ್ಟಿದೆಯೆಂದು ಹೇಳದಿರಲಾರೆ. ತರುಣ ವಾಚಕನು ಈ ಗ್ರಂಥವನ್ನೇ ಸಿಂಧದ ಚರಿತ್ರೆಯೆಂದು ಭ್ರಮಿಸಿದರೆ, ನೆರೆಯವರು ಮಾಡದ ಕೊಲೆಗಳನ್ನು ಅವರ ತಲೆಗೆ ಕಟ್ಟಿದಂತಾಗುವುದು. ಮತಭೇದದಿಂದ ಒಡೆದ ದೇಶದ ಕಥೆಯಲ್ಲಿ ಇದು ಸಣ್ಣ ತಪ್ಪಲ್ಲ.

ಇದಕ್ಕೆ ಪ್ರತಿಯಾಗಿ, ಅಸಂಭಾವ್ಯವೆಂದು ಕೆಲವರು ಎಣಿಸಬಹುದಾದ ಭಾಗವು ಹಾಗಲ್ಲವೆಂಬುದನ್ನೂ ಹೇಳಬೇಕು. ಹಿಂದೂ ವೈದ್ಯನ ಮನೆಯಲ್ಲಿ ಮುಸಲ್ಮಾನ ಅಡಿಗೆಯವನೆಂಬುದನ್ನು ಓದಿದಾಗ, ಮಡಿಯ ಒಲೆಯೆದುರಿನಲ್ಲಿ ಬೆಳೆದು ಪಾಠಶಾಲೆಯ ಪಂಕ್ತಿಯಲ್ಲಿ ಉಂಡ ನಾನು ಒಂದು ಕ್ಷಣ ಪುಸ್ತಕವನ್ನು ಕೆಳಗಿಟ್ಟೆನು. ಆದರೆ ಸಿಂಧದ ಆಚಾರವನ್ನು ನಮ್ಮ ಆಚಾರದಿಂದ ಅಳೆಯಲಾಗದು. ಅಲ್ಲಿನ ಉದೇರೋಲಾಲದ ಕ್ಷೇತ್ರವೊಂದರಲ್ಲಿಯೇ ಹಿಂದೂಗಳೂ ಮುಸಲ್ಮಾನರೂ ಪೂಜೆಯನ್ನೂ ಪ್ರಾರ್ಥನೆಯನ್ನೂ ಸಲ್ಲಿಸುತ್ತಾರೆ. ಷಾ ಅಬ್ದುಲ್ ಲತೀಫನ (1689-1752) ಪದಗಳು ಇಬ್ಬರ ಬಾಯಲ್ಲಿಯೂ ಇವೆ. ಆದುದರಿಂದ ಅಡಿಗೆಯ ಮನೆಯನ್ನು ಕಥೆಯ ಗರ್ಭಗೃಹವಾಗಿ ಆರಿಸಿದುದು ಬಹಳ ಉಚಿತವಾಗಿದೆ. ಅಗಲುವಾಗ ಕಾಜಿಯು ಹುಡುಗಿಗೆ ಕೊಡುವುದು ತನ್ನ ಕುಟ್ಟಾಣಿಯನ್ನು. ಅಲ್ಲಿಂದ ಮುಂದೆ ಆ ಕಲ್ಲನ್ನು ಕಂಡಲ್ಲೆಲ್ಲ ಕಾಜಿಯ ಕೈ ಕಾಣುತ್ತದೆ.

ಹೋಲಿಕೆಗಾಗಿ ಜೋನ್ ಲಿಂಗಾರ್ಡ್ ಎಂಬಾಕೆಯು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರವನ್ನು ಕುರಿತು 1970ರಿಂದ 1976ರವರೆಗೆ ಬರೆದ ಐದು ಕಾದಂಬರಿಗಳನ್ನು ನೋಡಬಹುದು. ಮೊದಲನೆಯದಾದ ‘ದಿ ಟ್ವೆಲ್ಫ್ತ್ ಡೇ ಆಫ್ ಜುಲೈ’ಯಲ್ಲಿ ಪ್ರಾಟೆಸ್ಟೆಂಟರ ಹುಡುಗಿ ಸೇಡಿ, ಕ್ಯಾಥೊಲಿಕರ ಹುಡುಗ ಕೆವಿನ್ ಇವರ ಎರಡು ಬೀದಿಗಳಿಗೂ ಕಥೆಯು ಸಮನಾಗಿ ಓಡಾಡುತ್ತದೆ. ಮಕ್ಕಳ ಕೀಟಲೆಯಾಗಿ ತೊಡಗಿದ್ದು ಕೆವಿನನ ತಂಗಿ ಬ್ರೀಡಳಿಗೆ ಇಟ್ಟಿಗೆಯ ಏಟು ತಗಲುವವರೆಗೆ ಬೆಳೆಯುತ್ತದೆ. ಅಲ್ಲಿ ಎರಡು ಕಡೆಯ ಕಣ್ಣುಗಳುಂಟು. ಹಿರಾನಂದಾನಿಯಲ್ಲಿ ಒಂದೇ ಕಣ್ಣು, ಆದರೆ ಆ ಕಣ್ಣಿನಲ್ಲಿಯೇ ಎರಡು ಕುಲಗಳ ರಕ್ತವುಂಟು. ಲಿಂಗಾರ್ಡಳದು ಸಮಕಾಲೀನ ಕಥೆಯಾಗಿ ಹುಟ್ಟಿ ಈಗ ಐತಿಹಾಸಿಕವಾದುದರಿಂದ ಇತಿವೃತ್ತವನ್ನು ಮಾರ್ಪಡಿಸುವ ತೊಡಕು ಆಕೆಗೆ ಇರಲಿಲ್ಲ.

ಕಡೆಯದಾಗಿ ನಿರ್ವಹಣಸಂಧಿ. ಜೋಧಪುರದಲ್ಲಿ ನೆಲೆನಿಂತ ಕುಟುಂಬವನ್ನು ಹುಡುಕಿಕೊಂಡು ಕಾಜಿಯು ಬರುತ್ತಾನೆ. ಮುಸಲ್ಮಾನರು ಪಶ್ಚಿಮಕ್ಕೆ ಹೋಗುತ್ತಿದ್ದ ಆ ದಿನಗಳಲ್ಲಿ ಒಬ್ಬ ಮುಸಲ್ಮಾನನು ಪೂರ್ವಕ್ಕೆ ಬರುವುದು ಪ್ರವಾಹಕ್ಕೆ ಎದುರಾದ ಈಜು. ಮಕ್ಕಳ ಮನಸ್ಸನ್ನು ತಣಿಸಲೆಂದು ಬಲವಂತದಿಂದ ತಂದ ಸಮಾಗಮವಿದೆಂದು ಮೊದಲ ಓದಿನಲ್ಲಿ ನನಗೂ ತೋರಿತು. ಎರಡನೆಯ ಓದಿನಲ್ಲಿ ಹಾಗೆನ್ನಿಸಲಿಲ್ಲ. ಅವನು ಬಂದಮಾತ್ರಕ್ಕೆ ಏನೂ ಮೊದಲಿನಂತಾಗುವುದಿಲ್ಲ. ಪರಮತದವನು ಮನೆಯಲ್ಲಿರುವನೆಂಬ ಅಂಜಿಕೆಯು ಅವನೊಡನೆಯೇ ಒಳಗೆ ಬರುತ್ತದೆ. 2024ರಲ್ಲಿ ಪ್ರಕಟವಾದ ‘ಅಮಿಲ್ ಅಂಡ್ ದಿ ಆಫ್ಟರ್’ ಎಂಬ ಉತ್ತರಭಾಗದಲ್ಲಿ ಲೇಖಕಿಯು ಈ ಮನೆಯವರನ್ನು ಮುಂಬಯಿಗೆ ಕೊಂಡೊಯ್ದು, ಆ ಅಂಜಿಕೆಯನ್ನೇ ಮುಂದುವರಿಸಿದ್ದಾಳೆ. ಮೀರ್‌ಪುರ್ ಖಾಸಿನಿಂದ ಜೋಧಪುರಕ್ಕೆ ಹೋಗುತ್ತಿದ್ದ ಆ ರೈಲುದಾರಿಯಾದರೋ 1965ರ ಯುದ್ಧದಲ್ಲಿ ಕಡಿದುಹೋಗಿ, 2006ರಲ್ಲಿ ಮತ್ತೆ ಕೂಡಿ, 2019ರ ಆಗಸ್ಟಿನಲ್ಲಿ ಪುನಃ ನಿಂತಿತು.