ಹ್ಯಾಂಡಲ್ ಎತ್ತರಿಸಿದರೆ ಕೈನೋವು ಹೋಗುತ್ತದೆಯೇ?

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರು ಸೇರುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕುಗಳಿಗೆ ಬಿಡುವೇ ಇಲ್ಲ. ಭತ್ತದ ಗದ್ದೆಗೆ ಗೊಬ್ಬರ ಒಯ್ಯುವವರು, ಹಟ್ಟಿ ಚಿನ್ನದ ಗಣಿಯ ಪಾಳಿಗೆ ಹೊರಟವರು, ಮಸ್ಕಿಯ ಅಶೋಕ ಶಾಸನ ನೋಡಲು ಬಂದವರು ಎಲ್ಲರೂ ಇದೇ ದಾರಿಯವರು. ಗಾಡಿ ಇಳಿಯುವ ಹೊತ್ತಿಗೆ ಅಂಗೈಗೆ ಜೋಮು, ಹೆಗಲು ಬಿಗಿ. ತಪ್ಪು ಹೊರುವುದು ರಸ್ತೆ, ಇಲ್ಲವೇ ವಯಸ್ಸು. ಹ್ಯಾಂಡಲ್ ಯಾವ ಕೋನದಲ್ಲಿ ಕೂತಿದೆ ಎಂದು ನೋಡುವವರು ಕಡಿಮೆ.

ನೋಡಿದವರೂ ಮೊದಲು ಹೇಳುವುದು, "ಹ್ಯಾಂಡಲ್ ಎತ್ತರ ಆದಷ್ಟು ಆರಾಮ" ಎಂದು. ತೀರಾ ಬಾಗಿ ಕೂರುವವರ ಮಟ್ಟಿಗೆ ಇದು ನಿಜ. ಆದರೆ ಬೆನ್ನು ಪೂರ್ತಿ ನೆಟ್ಟಗಾದರೆ ಗುಂಡಿಯ ಹೊಡೆತವೆಲ್ಲ ಸೀಟಿನಿಂದ ನೇರ ಬೆನ್ನೆಲುಬಿಗೆ ಏರುತ್ತದೆ. ಹೆದ್ದಾರಿಯಲ್ಲಿ ಎದೆಗೆ ಬಡಿಯುವ ಗಾಳಿಗೆ ಎದುರಾಗಿ ತೋಳು ಹ್ಯಾಂಡಲನ್ನು ಜಗ್ಗಿಕೊಂಡೇ ಇರಬೇಕಾಗುತ್ತದೆ. ಹೊಸ ಎತ್ತರದ ಹ್ಯಾಂಡಲ್ ಹಾಕಿಸಿದರೆ ಕ್ಲಚ್ ವೈರು, ಆಕ್ಸಿಲರೇಟರ್ ವೈರು, ಡಿಸ್ಕ್ ಬ್ರೇಕಿನ ಪೈಪು ಹಳೆಯ ಅಳತೆಯವೇ ಉಳಿದು ತಿರುವಿನಲ್ಲಿ ಬಿಗಿದುಕೊಳ್ಳಬಹುದು. ಇದು ಆರಾಮದ ಮಾತಲ್ಲ, ಜೀವದ ಮಾತು.

"ಕಂಪನಿ ಕೂಡಿಸಿದ್ದು, ಮುಟ್ಟಬಾರ್ದು" ಎಂಬುದು ಇನ್ನೊಂದು ನಂಬಿಕೆ. ಕಂಪನಿ ಕೂಡಿಸುವುದು ಸರಾಸರಿ ಮೈಕಟ್ಟಿನವರಿಗೆ. ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಹ್ಯಾಂಡಲ್ ಪೈಪನ್ನು ಕ್ಲಾಂಪುಗಳು ಹಿಡಿದಿರುತ್ತವೆ. ಬೋಲ್ಟ್ ಸಡಿಲಿಸಿ ಅದನ್ನು ತುಸು ಹಿಂದೆ, ಮುಂದೆ ಉರುಳಿಸಬಹುದು. ತೀರಾ ಹಿಂದಕ್ಕೆ ತಂದರೆ ಟ್ಯಾಂಕಿಗೆ ತಾಗುತ್ತದೆ. ಟ್ಯಾಂಕಿನ ಮೇಲೆ 45 ಕಿಲೋ ಯೂರಿಯಾ ಚೀಲ ಇಟ್ಟುಕೊಂಡು ಕಾಲುವೆ ಏರಿಯ ಮೇಲೆ ಹೋಗುವವರು ಇದನ್ನು ನೆನಪಿಡಲೇಬೇಕು: ಚೀಲಕ್ಕೆ ಹ್ಯಾಂಡಲ್ ತಡೆದರೆ ಗಾಡಿ ತಿರುಗುವುದಿಲ್ಲ.

ಎಷ್ಟೋ ಸಲ ಹ್ಯಾಂಡಲನ್ನು ಮುಟ್ಟುವ ಅಗತ್ಯವೂ ಇಲ್ಲ, ಕ್ಲಚ್, ಬ್ರೇಕ್ ಲಿವರ್ ಸರಿಪಡಿಸಿದರೆ ಸಾಕು. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ದಿನಾ ಕೂರುವಂತೆಯೇ ಕೂತು, ಕಣ್ಣು ಮುಚ್ಚಿ ಬೆರಳು ಚಾಚಬೇಕು. ಬೆರಳು ಸಲೀಸಾಗಿ ಲಿವರ್ ಮೇಲೆ ಕೂತರೆ ಸರಿ. ಮಣಿಕಟ್ಟನ್ನು ಮೇಲಕ್ಕೆ ಮಡಿಚಿ ಹುಡುಕಬೇಕಾಗಿ ಬಂದರೆ ಲಿವರ್ ಮೇಲಿದೆ ಎಂದರ್ಥ. ಅದರ ಹಿಡಿಕೆಯ ಬೋಲ್ಟ್ ಸಡಿಲಿಸಿ, ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಆಗುವಷ್ಟು ಕೆಳಕ್ಕೆ ತಿರುಗಿಸಬೇಕು. ಡಿಸ್ಕ್ ಬ್ರೇಕ್ ಇದ್ದರೆ ಎಣ್ಣೆಯ ಡಬ್ಬಿ ವಾಲದಂತೆ ನೋಡಿಕೊಳ್ಳಬೇಕು. ಮಣಿಕಟ್ಟು ಮಡಿಚಿದಷ್ಟು ಹೊತ್ತೂ ಅದರೊಳಗಿನ ನರ ಒತ್ತಿಕೊಂಡು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳು, ಉಂಗುರ ಬೆರಳು ಮರಗಟ್ಟಿದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿರಬಹುದು. ಗಾಡಿ ಬಿಟ್ಟ ಮೇಲೂ ಜೋಮು ಉಳಿದರೆ ತೋರಿಸಬೇಕಾದ್ದು ಮೆಕ್ಯಾನಿಕ್‌ಗಲ್ಲ, ಡಾಕ್ಟರಿಗೆ.

ಗಟ್ಟಿಯಾಗಿ ಹಿಡಿದಷ್ಟೂ ಗಾಡಿ ಹತೋಟಿಯಲ್ಲಿರುತ್ತದೆ ಎನ್ನುವುದೂ ತಪ್ಪು. ಹಿಡಿತ ಬಿಗಿಯಾದಷ್ಟು ಎಂಜಿನ್ನಿನ ನಡುಕ ಕೈಗೆ ಹೆಚ್ಚು ಏರುತ್ತದೆ. ಜಪಾನಿನಲ್ಲಿ ಬೈಕಿನ ಮೇಲೆ ಅಂಚೆ ಹಂಚುತ್ತಿದ್ದವರಲ್ಲಿ ಈ ನಡುಕದಿಂದ ಬೆರಳು ಬಿಳಿಚಿಕೊಳ್ಳುವ ತೊಂದರೆಯನ್ನು ವೈದ್ಯರು ದಾಖಲಿಸಿದ್ದಾರೆ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಕೈ ಸಡಿಲ ಬಿಡಬಹುದು.

ಬಿದ್ದ ಮೇಲೆ ಹ್ಯಾಂಡಲ್ ವಾರೆಯಾದರೆ ಪೈಪೇ ಬಾಗಿದೆ ಅಂತ ಹೊಸದನ್ನು ಕೊಳ್ಳುವವರಿದ್ದಾರೆ. ಬಹಳ ಸಲ ಪೈಪಿಗೆ ಏನೂ ಆಗಿರುವುದಿಲ್ಲ. ಮುಂದಿನ ಫೋರ್ಕ್ ತನ್ನ ಕ್ಲಾಂಪಿನೊಳಗೆ ತಿರುಚಿಕೊಂಡಿರುತ್ತದೆ. ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಜಗ್ಗಿದರೆ ಕಣ್ಣಿಗೆ ನೆಟ್ಟಗೆ ಕಂಡೀತು, ಸರಿಯಾಗುವುದು ಮಾತ್ರ ಬೋಲ್ಟ್ ಸಡಿಲಿಸಿ ಕೂಡಿಸಿದಾಗ. ಬ್ರೇಕ್ ಒತ್ತಿದಾಗ ಮುಂಭಾಗ ಕಟಕ್ ಎಂದರೆ ನೋಡಬೇಕಾದ್ದು ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಕೋನ್ ಸೆಟ್.

ಏನೇ ಬದಲಿಸಿದರೂ ಬೋಲ್ಟ್ ಬಿಗಿದ ಮೇಲೆ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ತಿರುಗಿಸುವಾಗ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ವೈರು ಬಿಗಿಯುತ್ತಿದೆ. ಅದನ್ನು ಸಡಿಲಿಸುವವರೆಗೆ ಆ ಗಾಡಿ ರಸ್ತೆಗೆ ಇಳಿಯಬಾರದು.