ಸ್ಕೋರ್‌ಬೋರ್ಡ್‌ನಲ್ಲಿ ಕಾಣದ ಆಟಗಾರ

2021ರ ಆಗಸ್ಟ್ 5. ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯ. ಜರ್ಮನಿ ಎದುರು 1–3ರಿಂದ ಹಿಂದಿದ್ದ ಭಾರತ 5–4ರಿಂದ ಗೆದ್ದಿತು. 41 ವರ್ಷಗಳ ಬಳಿಕ ಹಾಕಿಯಲ್ಲಿ ಒಲಿಂಪಿಕ್ ಪದಕ! ಸಿಮ್ರನ್‌ಜೀತ್ ಎರಡು, ಹಾರ್ದಿಕ್, ಹರ್ಮನ್‌ಪ್ರೀತ್, ರೂಪಿಂದರ್ ತಲಾ ಒಂದು ಗೋಲು ಹೊಡೆದರು. ಕೊನೆಯ ಸೆಕೆಂಡುಗಳ ಪೆನಾಲ್ಟಿ ಕಾರ್ನರ್ ತಡೆದವರು ಗೋಲ್‌ಕೀಪರ್ ಶ್ರೀಜೇಶ್. ಹಾಗಾದರೆ ನಾಯಕ ಮನ್‌ಪ್ರೀತ್ ಸಿಂಗ್ ಮಾಡಿದ್ದೇನು?

ಅವರು ಮಿಡ್‌ಫೀಲ್ಡರ್. ರಕ್ಷಣಾ ಆಟಗಾರರಿಂದ ಚೆಂಡು ಪಡೆಯಬೇಕು, ಎದುರಾಳಿ ಮೈಮೇಲೆ ಬರುವ ಮೊದಲೇ ತಿರುಗಬೇಕು, ಮುಂದೆ ಯಾರು ಖಾಲಿ ಜಾಗದಲ್ಲಿದ್ದಾರೆಂದು ನೋಡಿ ಪಾಸ್ ಕೊಡಬೇಕು. ಚೆಂಡು ಕೈತಪ್ಪಿತೋ, ಮತ್ತೆ ಹಿಂದಕ್ಕೆ ಓಟ. 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಇದೇ ಕೆಲಸ. ಗೋಲು ಬಿದ್ದಾಗ ಕ್ಯಾಮೆರಾ ತಿರುಗುವುದು ಹೊಡೆದವರ ಕಡೆಗೆ. ಆ ದಾಳಿ ಎಲ್ಲಿಂದ ಶುರುವಾಯಿತು ಎಂದು ಕೇಳುವವರು ಕಡಿಮೆ.

ಮನ್‌ಪ್ರೀತ್ ಊರು ಜಲಂಧರ್ ಬಳಿಯ ಮಿಠಾಪುರ. ಮಾಜಿ ನಾಯಕ ಪರ್ಗಟ್ ಸಿಂಗ್ ಕೂಡ ಅದೇ ಊರಿನವರು. 2012ರಲ್ಲಿ ಮನ್‌ಪ್ರೀತ್ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು 20, ಈಗಿನ ನನ್ನದೇ ವಯಸ್ಸು. ಭಾರತ ಆಡಿದ ಅಷ್ಟೂ ಪಂದ್ಯ ಸೋತು 12 ತಂಡಗಳಲ್ಲಿ 12ನೇ ಸ್ಥಾನಕ್ಕೆ ಕುಸಿಯಿತು. ಮೊದಲ ದೊಡ್ಡ ಪರೀಕ್ಷೆಯಲ್ಲೇ ಇಂಥ ಫಲಿತಾಂಶ ಬಂದರೆ ನಮ್ಮಲ್ಲಿ ಎಷ್ಟು ಜನ ಮರುದಿನ ಅಭ್ಯಾಸಕ್ಕೆ ಹೋಗುತ್ತೇವೆ?

ಅವರು ಹೋದರು. 2014ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಬಂತು. 2016ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಷಾ ಕಪ್ ಆಡುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋದವರು ಕೆಲವೇ ದಿನಗಳಲ್ಲಿ ಮರಳಿ ತಂಡ ಸೇರಿದರು. 2017ರಲ್ಲಿ ನಾಯಕತ್ವ ಸಿಕ್ಕಿತು. 2019ರ ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ಭಾರತೀಯ ಅವರೇ. ಮರುವರ್ಷ ನಮ್ಮ ಬೆಂಗಳೂರಿನ ಸಾಯ್ ಶಿಬಿರಕ್ಕೆ ಬಂದಾಗ ಕೋವಿಡ್ ತಗುಲಿ ಆಸ್ಪತ್ರೆ ಸೇರಿದ್ದರು. ಟೋಕಿಯೊ ಪದಕ ಬಂದದ್ದು ಅದಾದ ಒಂದೇ ವರ್ಷದಲ್ಲಿ.

ನನಗೆ ಇಷ್ಟವಾದದ್ದು ಅದರ ನಂತರದ ಕಥೆ. 2023ರ ವಿಶ್ವಕಪ್ ಹೊತ್ತಿಗೆ ನಾಯಕತ್ವ ಹರ್ಮನ್‌ಪ್ರೀತ್ ಪಾಲಾಯಿತು. ತಾನು ಮುನ್ನಡೆಸಿದ ತಂಡದಲ್ಲೇ ಮನ್‌ಪ್ರೀತ್ ಸಾಮಾನ್ಯ ಆಟಗಾರನಾಗಿ ಮುಂದುವರಿದರು. 2024ರ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ಎದುರು ಡಿಫೆಂಡರ್ ಅಮಿತ್ ರೋಹಿದಾಸ್ ರೆಡ್ ಕಾರ್ಡ್ ಪಡೆದು ಹೊರನಡೆದರು. ಉಳಿದ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನರ ಆಟ. ಮನ್‌ಪ್ರೀತ್ ಹಿಂದೆ ಸರಿದು ರಕ್ಷಣೆಗೆ ನಿಂತರು. ಪಂದ್ಯ 1–1ರಲ್ಲಿ ಮುಗಿದು, ಶೂಟೌಟ್‌ನಲ್ಲಿ ಭಾರತ 4–2ರಿಂದ ಗೆದ್ದಿತು. ಮುಂದೆ ಸ್ಪೇನ್ ವಿರುದ್ಧ ಗೆದ್ದು ಮತ್ತೊಂದು ಕಂಚು.

ನಮ್ಮ ಬಿಇ ಪ್ರಾಜೆಕ್ಟ್ ತಂಡಗಳಲ್ಲಿ ವೇದಿಕೆ ಹತ್ತಿ ಡೆಮೊ ಕೊಡುವವರು ಒಬ್ಬರು, ಹಿಂದಿನ ರಾತ್ರಿ ಕೋಡ್‌ನ ತಪ್ಪು ಹುಡುಕಿ ಸರಿಪಡಿಸುವವರು ಇನ್ನೊಬ್ಬರು. ಚಪ್ಪಾಳೆ ಮೊದಲನೆಯವರಿಗೆ. ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ನೀವು ಲೀಡರ್ ಆಗಿದ್ದಿರಾ?’ ಎಂದು ಕೇಳಿದರೆ ಎರಡನೆಯವರು ತಡವರಿಸುತ್ತಾರೆ. ತಡವರಿಸಬೇಕಿಲ್ಲ ಗೆಳೆಯರೇ. ಹುದ್ದೆ ಇದ್ದಾಗಲೂ, ಹೋದಾಗಲೂ ತಂಡಕ್ಕೆ ಬೇಕಾದ ಜಾಗದಲ್ಲಿ ನಿಂತು ಆಡುವುದೂ ಒಂದು ಅರ್ಹತೆಯೇ. ಅದನ್ನು ಧೈರ್ಯವಾಗಿ ಹೇಳಿಕೊಳ್ಳಿ.