ಕಾಲಿಂಗ್ ಬೆಲ್ಲೂ ಎಳೆಯ ನಾಯಿಯ ಬೊಗಳಾಟವೂ

ಬೊಗಳುವುದು ನಾಯಿಯ ಹುಟ್ಟುಗುಣ. ತೋಳವೂ ಬೊಗಳುತ್ತದೆ, ಆದರೆ ಅಪರೂಪಕ್ಕೆ, ಅದೂ ಹೆಚ್ಚಾಗಿ ಎಚ್ಚರಿಸುವುದಕ್ಕೆ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿ ಈ ದನಿಯನ್ನು ಸ್ವಾಗತ, ಆಟ, ಭಯ, ಬೇಸರ, ಒಂಟಿತನ ಎಲ್ಲಕ್ಕೂ ಬಳಸುತ್ತದೆ. ಪ್ರಮಾಣ ತಳಿಯಿಂದ ತಳಿಗೆ ಬೇರೆ. ಮೊಲದ ಜಾಡು ಹಿಡಿದು ಕೂಗುತ್ತ ಓಡಲೆಂದೇ ಬೆಳೆಸಿದ ಬೀಗಲ್, ನಮ್ಮಲ್ಲಿ ಪಾಮೆರೇನಿಯನ್ ಎಂದೇ ಕರೆಸಿಕೊಳ್ಳುವ ಸ್ಪಿಟ್ಜ್ ಬೇಗ ದನಿ ಎತ್ತುತ್ತವೆ. ಕಣ್ಣಿನಿಂದ ಬೇಟೆ ಹುಡುಕುವ ಮುಧೋಳ ನಾಯಿ ಸಾಮಾನ್ಯವಾಗಿ ಮಿತಭಾಷಿ. ಒಂದೆರಡು ಸಲ ಬೊಗಳಿ ಸುಮ್ಮನಾಗುವ ನಾಯಿಯನ್ನು ಮನೆಯವರು ಬಯಸಬಹುದು. ಬೊಗಳದೇ ಇರುವ ನಾಯಿಯನ್ನು ಬಯಸುವುದು ನ್ಯಾಯವಲ್ಲ.

ಎಲ್ಲ ಬೊಗಳುವಿಕೆಯೂ ಒಂದೇ ಅಲ್ಲ, ಮನುಷ್ಯನ ಕಿವಿಗೆ ಈ ವ್ಯತ್ಯಾಸ ತಿಳಿಯುತ್ತದೆ ಕೂಡ. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಪೀಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು ಮುಡಿ ಎಂಬ ಕುರಿಕಾಯುವ ತಳಿಯ ಬೊಗಳುವಿಕೆಯನ್ನು ಬೇರೆಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನಾಯಿ ಸಾಕಿ ಗೊತ್ತಿಲ್ಲದವರೂ ಬರೀ ಊಹೆಗಿಂತ ಚೆನ್ನಾಗಿ ಸಂದರ್ಭವನ್ನು ಗುರುತಿಸಿದರು. ತಗ್ಗಿದ, ಎಡೆಬಿಡದ ದನಿ ಬೆದರಿಕೆಯಾಗಿ ಕೇಳಿಸಿತು; ಏರಿದ, ನಡುನಡುವೆ ಬಿಡುವುಳ್ಳ ದನಿ ಭಯವಾಗಿ, ಸಂಕಟವಾಗಿ ಕೇಳಿಸಿತು. ಆದ್ದರಿಂದ ಬೊಗಳಾಟ ನಿಲ್ಲಿಸಲು ಹೊರಟವರು ಮೊದಲು ಮಾಡಬೇಕಾದ ಕೆಲಸ ಕಿವಿಗೊಡುವುದು.

ಮನೆಯೊಳಗಿನ ಬೊಗಳಾಟದಲ್ಲಿ ಅತಿ ಸಾಮಾನ್ಯವಾದದ್ದೂ ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಬಾಗಿಲ ಬಳಿಯದು. ಬೆಲ್ ಆಗುತ್ತದೆ. ಆರೇಳು ತಿಂಗಳ ನಾಯಿ ಓಡಿ ಹೋಗಿ ಬೊಗಳುತ್ತದೆ. ಕೊರಿಯರ್ ಹುಡುಗ ಪೊಟ್ಟಣ ಕೊಟ್ಟು ಹೊರಟುಹೋಗುತ್ತಾನೆ. ಅವನು ಕೆಲಸ ಮುಗಿಸಿ ಹೋದನೆಂಬುದು ಮನೆಯವರಿಗೆ ಗೊತ್ತು. ನಾಯಿಗೆ ಗೊತ್ತಿರುವುದು ಇಷ್ಟೇ: ಅಪರಿಚಿತ ಬಂದ, ತಾನು ಬೊಗಳಿದೆ, ಅವನು ಹೋದ. ಬೆಳಿಗ್ಗೆ ಹಾಲಿನವನು, ಪೇಪರ್ ಹಾಕುವವನು, ಕಸ ಒಯ್ಯುವವರು, ಮಧ್ಯಾಹ್ನ ಇಸ್ತ್ರಿ ಬಟ್ಟೆಯವನು, ರಾತ್ರಿ ಊಟ ತಂದುಕೊಡುವವನು. ಇವರಲ್ಲಿ ಒಬ್ಬರಾದರೂ ಉಳಿದುಕೊಳ್ಳುವುದಿಲ್ಲ. ನಾಯಿಯ ಲೆಕ್ಕದಲ್ಲಿ ಬೊಗಳುವಿಕೆ ಒಂದು ದಿನವೂ ಸೋತಿಲ್ಲ. ಗೆದ್ದ ವರ್ತನೆ ಮತ್ತೆ ಮತ್ತೆ ಬರುತ್ತದೆ, ಪ್ರತಿಸಲವೂ ಇನ್ನಷ್ಟು ಬೇಗ, ಇನ್ನಷ್ಟು ಜೋರಾಗಿ ಬರುತ್ತದೆ. ಬೇಡವಾದದ್ದು ತೊಲಗಿದ್ದರಿಂದ ಒಂದು ವರ್ತನೆ ಬಲಗೊಳ್ಳುವ ಈ ಬಗೆಯನ್ನು ಮನೋವಿಜ್ಞಾನ ಋಣಾತ್ಮಕ ಪುನರ್ಬಲನ ಎನ್ನುತ್ತದೆ. ಹಟಮಾರಿ, ಜಗಳಗಂಟಿ ಎಂದು ಬೈಸಿಕೊಳ್ಳುವ ನಾಯಿಗಳಲ್ಲಿ ಬಹುಪಾಲು ಈ ಪಾಠವನ್ನು ದಿನಕ್ಕೆ ಹತ್ತು ಸಲ ಕಲಿತ ಒಳ್ಳೆಯ ವಿದ್ಯಾರ್ಥಿಗಳು.

ಇದರ ಜೊತೆಗೇ ಇನ್ನೊಂದು ಕಲಿಕೆ ನಡೆಯುತ್ತದೆ. ರಷ್ಯಾದ ಇವಾನ್ ಪಾವ್ಲೊವ್ 1904ರಲ್ಲಿ ನೊಬೆಲ್ ಪಡೆದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಆದರೆ ಆಹಾರದ ಮುನ್ಸೂಚನೆಗೇ ನಾಯಿಗಳ ಬಾಯಲ್ಲಿ ನೀರೂರುವುದನ್ನು ಅವರು ಬಿಡದೆ ಹಿಂಬಾಲಿಸಿದ್ದರಿಂದ ಕಲಿಕೆಯ ವಿಜ್ಞಾನಕ್ಕೆ ಹೊಸ ದಾರಿಯೇ ತೆರೆಯಿತು. ಅದೇ ನಿಯಮ ಇಲ್ಲಿಯೂ ಇದೆ: ಬೆಲ್ಲಿನ ಹಿಂದೆಯೇ ಅಪರಿಚಿತ ಬರುವುದನ್ನು ಕಂಡ ನಾಯಿಗೆ ಬೆಲ್ಲೊಂದೇ ಸಾಕಾಗುತ್ತದೆ. ಟೀವಿ ಧಾರಾವಾಹಿಯಲ್ಲಿ ಬೆಲ್ ಆದರೂ ಅದು ಬಾಗಿಲಿಗೆ ಓಡುತ್ತದೆ. ಇನ್ನು ಅದರ ಕಿವಿಯೋ, ಸುಮಾರು 45,000 ಹರ್ಟ್ಸ್‌ವರೆಗಿನ ದನಿಯನ್ನು ಕೇಳಬಲ್ಲದು. ಮನುಷ್ಯನ ಮಿತಿ 20,000. ‘ಏನೂ ಇಲ್ಲದಿದ್ದರೂ ಬೊಗಳುತ್ತದೆ’ ಎಂಬ ದೂರಿನ ಹಿಂದೆ ಮನೆಯವರಿಗೆ ಕೇಳಿಸದ ಸದ್ದು ಇರಬಹುದು.

ಈ ಹೊತ್ತಿನಲ್ಲಿ ಬಹಳಷ್ಟು ಮನೆಗಳಲ್ಲಿ ಆಗುವುದು ಕೂಗಾಟ. ‘ಏಯ್, ಸುಮ್ನಿರು!’ ಎಂದು ನಾಲ್ಕು ಜನ ನಾಲ್ಕು ಕೋಣೆಯಿಂದ ಕೂಗಿದರೆ ನಾಯಿಯ ಉದ್ರೇಕ ಇಮ್ಮಡಿಯಾಗುತ್ತದೆ. ಮನೆಮಂದಿಯೆಲ್ಲ ತನ್ನ ಜೊತೆ ದನಿಗೂಡಿಸಿದಂತೆಯೇ ಅದಕ್ಕೆ. ವಿದ್ಯುತ್ ಆಘಾತ ಕೊಡುವ ಬೆಲ್ಟ್ ಇನ್ನೂ ಕೆಟ್ಟ ದಾರಿ. ನೋವು ಮತ್ತು ಅಪರಿಚಿತ ಒಟ್ಟಿಗೇ ಬಂದರೆ ಅಪರಿಚಿತನೇ ನೋವಿನ ಮೂಲವೆಂದು ನಾಯಿ ತಿಳಿಯಬಹುದು. ದನಿ ಅಡಗುತ್ತದೆ, ಭಯ ಬೆಳೆಯುತ್ತದೆ. ಕಡೆಗೆ ಎಚ್ಚರಿಕೆಯನ್ನೇ ಕೊಡದೆ ಕಚ್ಚುವ ನಾಯಿ ತಯಾರಾಗಬಹುದು. ಬ್ರಿಟನ್ನಿನ ವೇಲ್ಸ್ 2010ರಲ್ಲೇ ಇಂಥ ಬೆಲ್ಟುಗಳನ್ನು ನಿಷೇಧಿಸಿತು.

ಸರಿಯಾದ ದಾರಿ ಬೆಲ್ಲಿನ ಅರ್ಥವನ್ನೇ ಬದಲಿಸುತ್ತದೆ. ಮೊದಲಿಗೆ ನಾಯಿಯ ಗೆಲುವಿನ ಲೆಕ್ಕ ಬೆಳೆಯದಂತೆ ತಡೆಯಬೇಕು: ಬೀದಿ ಕಾಣುವ ಕಿಟಕಿಗೆ ಪರದೆ, ಬಾಲ್ಕನಿಯ ಕಂಬಿಗಳಿಗೆ ಮರೆ, ಜನ ಬರುವ ಹೊತ್ತಿಗೆ ಒಳಕೋಣೆ. ಆಮೇಲೆ ಮನೆಯ ಬೆಲ್ಲನ್ನೇ ಫೋನಿನಲ್ಲಿ ಮುದ್ರಿಸಿಕೊಂಡು, ನಾಯಿ ಕಿವಿ ನಿಮಿರಿಸಬೇಕು ಆದರೆ ಬೊಗಳಬಾರದು, ಅಷ್ಟು ಸಣ್ಣ ದನಿಯಲ್ಲಿ ಕೇಳಿಸಬೇಕು. ಕೇಳಿಸಿದ ಕೂಡಲೇ ಬೇಯಿಸಿದ ಕೋಳಿಯದೋ ಪನೀರಿನದೋ ಒಂದು ಚೂರು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಅವನ್ನು ಎಂದೂ ಕೊಡಬಾರದು. ಬೆಲ್ ಮೊದಲು, ತಿಂಡಿ ಆಮೇಲೆ. ಈ ಕ್ರಮ ತಿರುವುಮುರುವಾದರೆ ಇಡೀ ಶ್ರಮ ವ್ಯರ್ಥ. ಬೆಲ್ ಕೇಳಿದ ನಾಯಿ ಬಾಗಿಲ ಬದಲು ಮನೆಯವರ ಮುಖ ನೋಡತೊಡಗಿದರೆ ಪಾಠ ಹತ್ತಿತೆಂದು ಅರ್ಥ. ಆಗ ದನಿಯನ್ನು ಸ್ವಲ್ಪಸ್ವಲ್ಪವೇ ಏರಿಸಬಹುದು. ಬೊಗಳಿದರೆ ಏರಿಕೆ ಜಾಸ್ತಿಯಾಯಿತು, ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಇಲ್ಲಿ ಒಂದು ಸಂದೇಹ ಎಲ್ಲರಿಗೂ ಬರುತ್ತದೆ: ಅಪರಿಚಿತರಿಗೆ ಹೆದರಿ ಬೊಗಳುವ ನಾಯಿಗೆ ತಿಂಡಿ ಕೊಟ್ಟರೆ ಹೆದರಿಕೆಗೇ ಬಹುಮಾನ ಕೊಟ್ಟಂತಾಗದೇ? ಆಗದು. ಭಯ ಬೇಕೆಂದು ಮಾಡುವ ಕೆಲಸವಲ್ಲ, ತಾನಾಗಿ ಉಂಟಾಗುವ ಸ್ಥಿತಿ. ಬೆಲ್ಲಿನ ಹಿಂದೆ ಪ್ರತಿಸಲವೂ ಒಳ್ಳೆಯದೇ ಬಂದರೆ ಆ ಸ್ಥಿತಿಯೇ ಕರಗುತ್ತದೆ. ಭಯ ಇಳಿದ ಮೇಲೆ ಬೊಗಳುವ ಜಾಗಕ್ಕೆ ಬೇರೊಂದು ಕೆಲಸ ಕೊಡಬೇಕು. ಬಾಗಿಲಿನಿಂದ ದೂರ ಒಂದು ಚಾಪೆ ಹಾಸಿ, ಬೆಲ್ ಆದಾಗ ಅಲ್ಲಿಗೆ ಹೋಗಿ ಕೂರುವುದನ್ನು ಕಲಿಸುವುದು ಒಳ್ಳೆಯದು, ಏಕೆಂದರೆ ಚಾಪೆಯ ಮೇಲೆ ಕೂತ ನಾಯಿ ಬಾಗಿಲಿಗೆ ಎಗರಲಾರದು. ಮೊದಮೊದಲು ಮನೆಯವರಲ್ಲೇ ಒಬ್ಬರು ಹೊರಗೆ ಹೋಗಿ ಬೆಲ್ ಒತ್ತಬೇಕು. ಬಹುಮಾನ ಒಂದೆರಡು ಸೆಕೆಂಡಿನೊಳಗೆ ಸಿಗಬೇಕು; ತಡವಾದರೆ ನಾಯಿ ಅದನ್ನು ಬೇರಾವುದೋ ಕೆಲಸಕ್ಕೆ ಜೋಡಿಸಿಕೊಳ್ಳುತ್ತದೆ.

ಗಮನಕ್ಕಾಗಿ ಬೊಗಳುವುದು ಬೇರೆ ಕಥೆ. ಊಟದ ಹೊತ್ತಿಗೆ ಬೊಗಳಿದ ನಾಯಿಯನ್ನು ಎಲ್ಲರೂ ಒಂಬತ್ತು ಸಲ ಕಡೆಗಣಿಸಿ, ಹತ್ತನೆಯ ಸಲ ಅಜ್ಜಿ ಕನಿಕರಪಟ್ಟು ಬಿಸ್ಕತ್ತು ಹಾಕಿದರೆ, ನಾಯಿ ಕಲಿಯುವುದು ಹತ್ತು ಸಲ ಬೊಗಳಬೇಕೆಂಬುದನ್ನು. ಆಗೊಮ್ಮೆ ಈಗೊಮ್ಮೆ ಸಿಗುವ ಫಲ ವರ್ತನೆಯನ್ನು ಎಷ್ಟು ಗಟ್ಟಿ ಮಾಡುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ದೊಡ್ಡ ಗ್ರಂಥದಲ್ಲಿ ಪ್ರಯೋಗಗಳಿಂದ ತೋರಿಸಿದರು. ಲಾಟರಿ ಚೀಟಿ ಕೊಳ್ಳುವವರು ಸೋತರೂ ಬಿಡದಿರುವುದು ಇದೇ ಕಾರಣಕ್ಕೆ. ಫಲ ಪೂರ್ತಿ ನಿಂತಾಗ ಬೊಗಳಾಟ ಇಳಿಯುವ ಮುನ್ನ ಕೆಲವು ದಿನ ವಿಪರೀತ ಏರಬಹುದು. ‘ಈ ಉಪಾಯ ಕೆಲಸ ಮಾಡಲಿಲ್ಲ’ ಎಂದು ಜನ ಕೈಬಿಡುವುದು ಸರಿಯಾಗಿ ಆಗಲೇ, ಅಂದರೆ ಅದು ಕೆಲಸ ಮಾಡತೊಡಗಿದಾಗಲೇ. ಸುಮ್ಮನಿದ್ದ ಗಳಿಗೆಗಳಿಗೆ ಧಾರಾಳವಾಗಿ ಗಮನ ಕೊಟ್ಟರೆ ಈ ದಿನಗಳು ಬೇಗ ಕಳೆಯುತ್ತವೆ. ಮನೆಯವರೆಲ್ಲ ಒಂದೇ ನಿಯಮಕ್ಕೆ ಒಪ್ಪಬೇಕು, ಅಜ್ಜಿಯೂ.

ನಿದ್ದೆ ಮತ್ತು ವ್ಯಾಯಾಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಟ್ಟ ಮರಿ ದಿನದಲ್ಲಿ ಸುಮಾರು 18 ಗಂಟೆ ಮಲಗುತ್ತದೆ. ಸಂಜೆ ರಚ್ಚೆ ಹಿಡಿದ ಮರಿಗೆ ಹಲವು ಸಲ ಬೇಕಾಗಿರುವುದು ನಿದ್ದೆ. ದಿನವಿಡೀ ಕಟ್ಟಿಹಾಕಿದ ನಾಯಿ ಬೊಗಳದೆ ಇನ್ನೇನು ಮಾಡೀತು? ಸದಾ ಸರಪಳಿಯಲ್ಲಿಟ್ಟ ಅಥವಾ ಕೂಡಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಅಪರಾಧವೆಂದೇ ಹೇಳುತ್ತದೆ.

ಒಂಟಿಯಾಗಿದ್ದಾಗ ಮಾತ್ರ ಬೊಗಳುವ, ಊಳಿಡುವ, ಬಾಗಿಲು ಕೆರೆಯುವ ನಾಯಿಗೆ ಮೇಲಿನ ಯಾವ ಪಾಠವೂ ಸಾಲದು. ಅದು ಅಗಲಿಕೆಯ ಸಂಕಟ. ಅರ್ಧ ನಿಮಿಷ, ಒಂದು ನಿಮಿಷ ಎಂದು ಅಗಲಿಕೆಯನ್ನು ಮೆಲ್ಲಗೆ ಹೆಚ್ಚಿಸುತ್ತ ಹೋಗಬೇಕು. ಸಂಕಟ ತೀವ್ರವಾಗಿದ್ದರೆ ಪಶುವೈದ್ಯರ ನೆರವು ಬೇಕು. ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಬೊಗಳತೊಡಗಿದರೆ ನೋವೇನಾದರೂ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಈ ಬಗೆಗಳಲ್ಲಿ ತಮ್ಮ ನಾಯಿಯದು ಯಾವುದೆಂದು ಪುಸ್ತಕ ಹೇಳಲಾರದು. ಅದಕ್ಕೆ ಒಂದು ವಾರದ ಟಿಪ್ಪಣಿ ಬೇಕು: ಯಾವ ಹೊತ್ತಿಗೆ ಬೊಗಳಿತು, ಅದಕ್ಕೂ ಮುಂಚೆ ಏನಾಯಿತು, ದನಿ ಹೇಗಿತ್ತು, ಆಮೇಲೆ ಯಾರು ಏನು ಮಾಡಿದರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನು ಹಳೆಯ ಫೋನೊಂದು ಚಿತ್ರಿಸಿಕೊಳ್ಳಲಿ. ಮಕ್ಕಳಿಗೆ ಈ ಕೆಲಸ ವಹಿಸಿದರೆ ಇನ್ನೂ ಒಳ್ಳೆಯದು, ಅವರ ಕಣ್ಣು ಚುರುಕು. ಪಶುವೈದ್ಯರ ಬಳಿಗೋ ತರಬೇತುದಾರರ ಬಳಿಗೋ ಹೋಗುವಾಗ ಆ ಟಿಪ್ಪಣಿಯನ್ನು ಜೊತೆಗೆ ಒಯ್ಯಬೇಕು. ಅವರು ಕೇಳುವ ಮೊದಲ ಪ್ರಶ್ನೆಗಳೂ ಇವೇ.